ಹಬೆ ಕಂಪನಿಯ ಏಳನೆಯ ರೆಕಾರ್ಡು

ದೇವರು ಮನುಷ್ಯರನ್ನು ಮಾಡುವಾಗ ಒಬ್ಬೊಬ್ಬರಲ್ಲಿ ಒಂದೊಂದು ಅಂಗದ ಮೇಲೆ ಕೊಂಚ ಹೆಚ್ಚು ಹೊತ್ತು ಕೈಯಾಡಿಸುತ್ತಾನೆ. ಕಿವಿಯಣ್ಣನ ವಿಷಯದಲ್ಲಿ ಅವನು ಕಿವಿಗಳ ಮೇಲೆ ಇಡೀ ಬೆಳಗನ್ನು ಕಳೆದು, ಎದೆಯ ಹತ್ತಿರ ಬರುವಷ್ಟರಲ್ಲಿ ಊಟದ ಹೊತ್ತಾಯಿತೆಂದು ಎದ್ದುಬಿಟ್ಟಿರಬೇಕು. ಹೀಗಾಗಿ ಕಿವಿ ಅಪರೂಪದ್ದಾಯಿತು. ಧೈರ್ಯ ಅರ್ಧಕ್ಕೇ ನಿಂತಿತು. ಅವನ ಲೆಕ್ಕಾಚಾರ ಅವನಿಗೇ ಗೊತ್ತು. ದೂರುವುದು ನಮ್ಮ ಕೆಲಸವಲ್ಲ.

ಕಿವಿಯಣ್ಣ ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಕೇಳುವವನು. ಬೆಳಗ್ಗೆ ಗಾಡಿಗಳು ರಸ್ತೆಗಿಳಿಯುವ ಮುನ್ನ, ತುದಿಯಲ್ಲಿ ಬಟ್ಟಲಿನಂಥ ಮೂತಿಯಿರುವ ಒಂದು ಕಬ್ಬಿಣದ ಕೋಲನ್ನು ನೆಲಕ್ಕೂರಿ, ಬಟ್ಟಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅಗೆಯುವ ಮೂವರು ಆಳುಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. "ಇಲ್ಲಿ. ಮೂರಡಿ ಕೆಳಗೆ. ನಾಲ್ಕಿಂಚಿನ ಪೈಪು, ಜಾಯಿಂಟು ಬಿಟ್ಟಿದೆ," ಎನ್ನುತ್ತಿದ್ದ. ಅಗೆದರೆ ಅಲ್ಲೇ, ಅಷ್ಟೇ, ಹಾಗೇ. ಇಪ್ಪತ್ತಾರು ವರ್ಷದಲ್ಲಿ ಆ ಕಿವಿ ಒಂದು ಗುಂಡಿಯನ್ನೂ ಸುಮ್ಮನೆ ತೋಡಿಸಿರಲಿಲ್ಲ.

ಕಿವಿಗೆ ಇಷ್ಟು ಮರ್ಯಾದೆ ಇದ್ದರೆ ಕತ್ತಿನ ಕಥೆ ಬೇರೆ. ಕಿವಿಯಣ್ಣನಿಗೆ ನಾಯಿಗಳ ಭಯ, ಲಿಫ್ಟಿನ ಭಯ, ಮುಚ್ಚಿದ ಲಕೋಟೆಗಳ ಭಯ, ಏರು ದನಿಯಲ್ಲಿ ಯಾರಾದರೂ ಒಳ್ಳೆಯದನ್ನೇ ಹೇಳಿದರೂ ಭಯ. ಭಯವಾದೊಡನೆ ಅವನ ಕತ್ತು ಯಜಮಾನನ ಅಪ್ಪಣೆಗೆ ಕಾಯದೆ ಮೇಲೆ ಕೆಳಗೆ ಆಡತೊಡಗುತ್ತಿತ್ತು. ಒಮ್ಮೆ ಕ್ಷೌರದವನು ಕತ್ತಿ ಹಿಡಿದು, "ಮೀಸೆ ತೆಗೀಲಾ ಅಣ್ಣಾ?" ಎಂದು ತಮಾಷೆಗೆ ಕೇಳಿದ. ಕತ್ತಿ ಹತ್ತಿರವಿತ್ತು, ಕತ್ತು ಆಡಿತು. ಆ ದಿನ ಹೆಂಡತಿ ಬಾಗಿಲ ಸಂದಿಯಿಂದ ನೋಡಿ, "ಯಜಮಾನ್ರು ಮನೇಲಿಲ್ಲ," ಎಂದು ಬಾಗಿಲು ಹಾಕಿಕೊಂಡಿದ್ದಳು.

ಇಂಥ ಕತ್ತನ್ನು ಹೊತ್ತುಕೊಂಡು ಅವನು ನಿವೃತ್ತ ಜಡ್ಜರ ಮನೆಗೆ ಮಗಳ ಮದುವೆಯ ಮಾತಿಗೆ ಹೋಗಬೇಕಾಯಿತು.

ಮಗಳು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಜಡ್ಜರ ಮಗ ಹಲ್ಲಿನ ಡಾಕ್ಟರು. ಇವಳ ಹಲ್ಲು ಕೀಳಲು ಹೋಗಿ ಅವರು ಏನೇನು ಕಿತ್ತುಕೊಂಡರೋ, ಆರು ತಿಂಗಳಲ್ಲಿ ಇಬ್ಬರೂ ಒಪ್ಪಿಯಾಗಿತ್ತು. ಹುಡುಗನ ತಾಯಿಯೂ ಒಪ್ಪಿದ್ದರು. ಉಳಿದದ್ದು ಜಡ್ಜರು. ಹೋದ ವರ್ಷ ಬಂದಿದ್ದ ಒಂದು ಸಂಬಂಧವನ್ನು ಅವರು ಮುರಿದ ಬಗೆ ಊರಿಗೆಲ್ಲ ಗೊತ್ತು. ಹುಡುಗಿಗೆ ಈಜು ಬರುತ್ತದೆಂದು ಅವಳ ಸೋದರಮಾವ ಬಾಯಿತಪ್ಪಿ ಅಂದಿದ್ದ, ವಿಚಾರಿಸಿದರೆ ಬರುತ್ತಿರಲಿಲ್ಲ. "ಈಜು ಬರದೆ ಇರೋದು ತಪ್ಪಲ್ಲ. ಬರುತ್ತೆ ಅಂದದ್ದು ತಪ್ಪು," ಎಂದು ತೀರ್ಪು ಕೊಟ್ಟು ಎದ್ದಿದ್ದರಂತೆ.

"ಅಪ್ಪಾ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಅಷ್ಟೇ ಸಾಕು," ಎಂದು ಮಗಳು ಹೊರಡುವಾಗ ಅವನ ಕಾಲರು ಸರಿಮಾಡಿದಳು. ಕಿವಿಯಣ್ಣ ತಲೆಯಾಡಿಸಿದ. ಅದೇ ಅಪಶಕುನ.

ಜಡ್ಜರ ಕೋಣೆ ತಂಪಾಗಿತ್ತು. ಒಂದು ಗೋಡೆಯ ಉದ್ದಕ್ಕೂ ನೆಲದಿಂದ ಎದೆಯೆತ್ತರದವರೆಗೆ ಮರದ ಕಪಾಟು. ಅದರ ತುಂಬ ಗ್ರಾಮಫೋನ್ ರೆಕಾರ್ಡುಗಳು. ಕಪಾಟಿನ ಪಕ್ಕದ ಕುರ್ಚಿಯಲ್ಲಿ ಜಡ್ಜರು. ಎದುರಿಗೆ, ಸರಿಯಾಗಿ ಸಾಕ್ಷಿ ನಿಲ್ಲುವಷ್ಟು ದೂರದಲ್ಲಿ, ಕಿವಿಯಣ್ಣ ಮತ್ತು ಅವನ ಹೆಂಡತಿ. ಕಾಫಿ ಬಂತು. ಕಿವಿಯಣ್ಣನ ಕಪ್ಪು ಸಾಸರಿನ ಮೇಲೆ ಸಣ್ಣಗೆ ಗೆಜ್ಜೆ ಕಟ್ಟಿಕೊಂಡಂತೆ ನಡುಗುತ್ತಿತ್ತು.

"ಮೂವತ್ತು ವರ್ಷ ವಕೀಲರ ಮಾತು ಕೇಳಿದ್ದೀನಿ," ಎಂದರು ಜಡ್ಜರು. "ಈಗ ಈ ಕಿವಿಗೆ ಮಾತು ಬೇಡ. ಹಾಡು ಬೇಡ, ತಾಳ ಬೇಡ. ಆಂಬಿಯೆಂಟ್ ಸಂಗೀತ ಅಂತ ಒಂದಿದೆ. ಸುಮ್ಮನೆ ಒಂದು ನಾದ ಹಬ್ಬಿಕೊಂಡಿರುತ್ತೆ, ಮಂಜು ಹಬ್ಬಿದ ಹಾಗೆ. ಅದನ್ನೇ ಮಾಡೋ ಕಂಪನಿ, ಹಬೆ ಅಂತ. ಒಟ್ಟು ಹನ್ನೆರಡು ರೆಕಾರ್ಡು ತಂದಿದ್ದಾರೆ. ಕೇಳಿದ್ದೀರೇನು?"

ಪ್ರಶ್ನೆಯ ಕೊನೆಯಲ್ಲಿ ದನಿ ಕೊಂಚ ಏರಿತು. ಕಿವಿಯಣ್ಣನ ಕತ್ತು ಆಡಿತು.

ಜಡ್ಜರು ಕಪ್ಪು ಕೆಳಗಿಟ್ಟರು. "ಕೇಳಿದ್ದೀರಾ?"

ಆಡಿತು.

"ಹನ್ನೆರಡೂ?"

ಹೆಂಡತಿ ಅವನ ತೊಡೆಯನ್ನು ಚಿವುಟಿದಳು. ಚಿವುಟಿದ್ದರಿಂದ ಭಯ ಹೆಚ್ಚಿತು. ಭಯ ಹೆಚ್ಚಿದ್ದರಿಂದ ಕತ್ತು ಇನ್ನೂ ಜೋರಾಗಿ ಆಡಿತು.

"ಅದರಲ್ಲಿ ನಿಮಗೆ ಮೆಚ್ಚು ಯಾವುದು?"

ಈ ಪ್ರಶ್ನೆಗೆ ಕತ್ತಿನಲ್ಲಿ ಉತ್ತರವಿರಲಿಲ್ಲ. ಕಿವಿಯಣ್ಣನ ಕಣ್ಣು ಕಪಾಟಿನ ಮೇಲೆ ಓಡಿತು. ಒಂದು ರೆಕಾರ್ಡಿನ ಬೆನ್ನ ಮೇಲೆ ಏಳು ಎಂಬ ಅಂಕಿ ಕಂಡಿತು. ಇಲ್ಲಿಯವರೆಗಿನದು ಕತ್ತಿನ ಅಪರಾಧ. ಮುಂದಿನದು ಪೂರ್ತಿ ನಾಲಗೆಯದು.

"ಏಳನೇದು ಸಾರ್," ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಏಳನೇದು ಅಂದ್ರೆ ನಂಗೆ ಪ್ರಾಣ."

ಜಡ್ಜರು ಎದ್ದು ನಿಂತರು. ಅವರ ಕಣ್ಣಂಚು ಒದ್ದೆಯಾಗಿತ್ತು. "'ಮಂಜಿನ ರೇವು'! ನನಗೂ ಅದೇ! ದಿನಾ ಸಂಜೆ ನಾಲ್ಕಕ್ಕೆ ಕೂತು ಕೇಳ್ತೀನಿ, ತಪ್ಪಿಸಿದ್ದಿಲ್ಲ. ಈ ಮನೇಲಿ ಒಬ್ರಿಗಾದ್ರೂ ಅದರ ಬೆಲೆ ಗೊತ್ತಾ, ಕೇಳಿ!"

"ಗೊತ್ತಿಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಜಡ್ಜರ ಹೆಂಡತಿ. "ಆ ಗೋಡೆ ತೇವ ಹಿಡಿದಿದೆ ಅನ್ನೋದು ಮಾತ್ರ ಗೊತ್ತು. ನಾಲ್ಕು ವರ್ಷದಿಂದ ಹೇಳ್ತಿದ್ದೀನಿ."

"ಸಾಕ್ಷ್ಯ ಎಲ್ಲಿದೆ?" ಎಂದು ಜಡ್ಜರು ಅತ್ತ ತಿರುಗದೆಯೇ ಕೇಳಿ, ಕಿವಿಯಣ್ಣನ ಕೈ ಹಿಡಿದುಕೊಂಡರು. "ಯಾಕೆ ಮೆಚ್ಚು ಅಂತ ಈಗ ಹೇಳಬೇಡಿ. ಸಾಕ್ಷಿಗಳು ಮೊದಲೇ ಮಾತಾಡಿಕೊಂಡ್ರೆ ಸಾಕ್ಷ್ಯ ಕೆಡುತ್ತೆ. ಬರೋ ಭಾನುವಾರ ನಾಲ್ಕಕ್ಕೆ ಬನ್ನಿ. ಹಬೆಯಲ್ಲಿ ನಿಮ್ಮ ಮೆಚ್ಚಿನ ಐದು, ಯಾಕೆ ಮೆಚ್ಚು ಅಂತ ಬರೆದು ಲಕೋಟೆಯಲ್ಲಿ ಹಾಕಿ ತನ್ನಿ. ನಾನೂ ಬರೆದಿಡ್ತೀನಿ. ಒಟ್ಟಿಗೆ ಒಡೆಯೋಣ. ಮದುವೆ ಮಾತು ಆಮೇಲೆ."

ಬೀದಿಗೆ ಬಂದ ಮೇಲೆ ಹೆಂಡತಿ ಸರಸರ ಮುಂದೆ ನಡೆದಳು. ತಿರುವಿನಲ್ಲಿ ನಿಂತು, "ಯಾಕ್ರೀ ತಲೆ ಆಡಿಸಿದ್ರಿ?" ಎಂದಳು.

"ನಾನು ಆಡಿಸ್ಲಿಲ್ಲ ಕಣೇ. ಅದೇ ಆಡ್ತು."

"ಪ್ರಾಣ ಅಂದ್ರಲ್ಲ, ಅದನ್ನೂ ಅದೇ ಅಂತಾ?"

ಮಗಳು ವಿಷಯ ಕೇಳಿ ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಊರಿನ ಗ್ರಂಥಾಲಯಕ್ಕೆ ಹೋದಳು. ಅಲ್ಲಿ ಯಾರೂ ಮುಟ್ಟದ ಮೂಲೆಯಲ್ಲಿ ಹಬೆ ಕಂಪನಿಯ ಹನ್ನೆರಡೂ ರೆಕಾರ್ಡುಗಳಿದ್ದವು. ಶಾಲೆಯಿಂದ ರೆಕಾರ್ಡ್ ಪ್ಲೇಯರನ್ನೂ ಕೇಳಿ ತಂದಳು. ಎಲ್ಲವನ್ನೂ ಅಪ್ಪನ ಮುಂದಿಟ್ಟು, "ಐದು ದಿನ ಇದೆ. ಕಲಿ," ಎಂದಳು.

ಮೊದಲನೆಯ ರೆಕಾರ್ಡು ತಿರುಗತೊಡಗಿತು. ಮೂವರೂ ಅದರ ಸುತ್ತ ಮಂಡಿಯೂರಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ ಪಿಸುಗುಟ್ಟಿದಳು: "ಯಾವಾಗ ಶುರುವಾಗುತ್ತೆ?"

"ಶುರುವಾಗಿ ಹತ್ತು ನಿಮಿಷ ಆಯ್ತಮ್ಮ."

ಕಿವಿಯಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಕೇಳಿ ಮುಗಿದೊಡನೆ ಕಾಗದದ ಮೇಲೆ ಬರೆದ. ಮಗಳು ಎತ್ತಿ ಓದಿದಳು: 'ಒಂದನೆಯದು. ಆರಿಂಚಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಅಪಾಯವಿಲ್ಲ. ಎರಡನೆಯದು. ವಾಷರು ಸವೆದಿದೆ.'

"ಅಪ್ಪಾ, ಇದು ಸಂಗೀತ! ಇಲಾಖೆಯ ಕಂಪ್ಲೇಂಟು ಪುಸ್ತಕ ಅಲ್ಲ!"

"ನಂಗೆ ಕೇಳ್ಸೋದೇ ಹಾಗಮ್ಮಾ," ಎಂದ ಕಿವಿಯಣ್ಣ, ನಿಜವಾಗಿ ದುಃಖಪಟ್ಟು.

ಕೊನೆಗೆ ಮಗಳೇ ರೆಕಾರ್ಡುಗಳ ಕವರಿನ ಹಿಂದಿದ್ದ ಬರಹವನ್ನು ಅಲ್ಲಲ್ಲಿ ತಿದ್ದಿ, ಐದು ಮೆಚ್ಚಿನವುಗಳ ಪಟ್ಟಿ ಮಾಡಿ, ಅಪ್ಪನ ಕೈಯಿಂದ ನಕಲು ಮಾಡಿಸಿದಳು. ಆದರೆ ಜಡ್ಜರು ಏಳನೆಯದರ ಬಗ್ಗೆ ಅಡ್ಡಪ್ರಶ್ನೆ ಹಾಕಿದರೆ? ಅದೊಂದನ್ನಾದರೂ ಬಾಯಿಪಾಠ ಮಾಡಬೇಕೆಂದು ತೀರ್ಮಾನವಾಯಿತು. "ನಾನು ಮನೇಲಿ ಎಲ್ಲೇ ಇರಲಿ, ಏನೇ ಮಾಡ್ತಿರಲಿ, ಅದು ನಿಲ್ಲಬಾರದು. ಒಂದು ಕಡೆ ಮುಗಿದ ತಕ್ಷಣ ಮಗುಚಿ ಹಾಕು," ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ಆಕೆ ಹೆಸರಾದ ಗೃಹಿಣಿ. ಕೊಟ್ಟ ಕೆಲಸ ಬಿಡುವವಳಲ್ಲ.

ಕೆಳಗಿನ ಮನೆಯಲ್ಲಿದ್ದವರು ನಿವೃತ್ತ ಸ್ಟೇಷನ್ ಮಾಸ್ತರು. ಬುಧವಾರ ಬೆಳಗ್ಗೆ ಅವರ ಮನೆಯ ಸೂರಿನಿಂದ ಒಂದು ಹೂಂಕಾರ ಇಳಿದು ಬಂತು. ಮನುಷ್ಯರದ್ದಲ್ಲ, ಯಂತ್ರದ್ದೂ ಅಲ್ಲ. ಎಲ್ಲೋ ಭಾರಿ ನೀರು ದಾರಿ ಹುಡುಕುತ್ತಿರುವಂತಿತ್ತು. ಮಾಸ್ತರು ಹೆದರಿದರೂ ವೃತ್ತಿಧರ್ಮ ಬಿಡಲಿಲ್ಲ. ಪುಸ್ತಕ ತೆಗೆದು ಬರೆದರು: ಆಗಮನ ಹತ್ತು ಐದು, ನಿರ್ಗಮನ ಹತ್ತು ಇಪ್ಪತ್ತೇಳು. ಆಗಮನ ಹತ್ತು ಇಪ್ಪತ್ತೆಂಟು, ನಿರ್ಗಮನ ಹತ್ತು ಐವತ್ತು. ನಾಲ್ಕು ಸಲ ಒಂದು ನಿಮಿಷವೂ ತಪ್ಪದೆ ಬಂದು ಹೋದ ಮೇಲೆ ಅವರ ಎದೆ ಕುಸಿಯಿತು. ಅವರ ನಲವತ್ತು ವರ್ಷದ ಅನುಭವದಲ್ಲಿ ಇಷ್ಟು ಸಮಯಕ್ಕೆ ಸರಿಯಾಗಿ ಯಾವುದೂ ಬಂದದ್ದಿಲ್ಲ. ನೀರಿನ ಇಲಾಖೆಗೆ ಫೋನು ಮಾಡಿದರು.

ಹನ್ನೆರಡು ಗಂಟೆಗೆ ಕಿವಿಯಣ್ಣನ ಮನೆಯ ಫೋನು ಹೊಡೆದುಕೊಂಡಿತು. ಇಲಾಖೆಯ ಇಂಜಿನಿಯರು. "ನಿಮ್ಮ ಬಿಲ್ಡಿಂಗಿಂದಲೇ ಕಂಪ್ಲೇಂಟು ಕಣಯ್ಯಾ! ಕೋಲು ತಗೊಂಡು ಕೆಳಗಿಳಿ. ನಾನೂ ಬರ್ತಿದ್ದೀನಿ."

ಇದೊಂದು ರೆಕಾರ್ಡು ಎಂದು ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾಸ್ತರು ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದುದು ಯಾರ ಜೊತೆ? ಜಡ್ಜರ ಜೊತೆ. ಹನ್ನೆರಡೂ ಕೇಳಿದ್ದೇನೆಂದವನು ಈಗ ಕುಳಿತು ಏಳನೆಯದನ್ನು ಉರು ಹೊಡೆಯುತ್ತಿದ್ದಾನೆಂದು ಮಾಸ್ತರು ಒಂದು ಮಾತು ಅಂದರೆ ಮದುವೆ ಅಲ್ಲೇ ಮುರಿದಂತೆ. ಕಿವಿಯಣ್ಣ ಕೋಲು ಹಿಡಿದು ಕೆಳಗಿಳಿದ. ಮಾಸ್ತರ ನಡುಮನೆಯಲ್ಲಿ ಅಕ್ಕಪಕ್ಕದವರೆಲ್ಲ ಆಗಲೇ ಸೇರಿದ್ದರು. ಸೂರಿನಿಂದ 'ಮಂಜಿನ ರೇವು' ಇಳಿಯುತ್ತಿತ್ತು.

ಕೋಲನ್ನು ಗೋಡೆಗೂರಿ ಕಿವಿಯಿಟ್ಟ. ತನ್ನದೇ ಮನೆಯ ರೆಕಾರ್ಡಿನ ಸದ್ದನ್ನು ಇಲಾಖೆಯ ಕೋಲಿನಲ್ಲಿ ಕೇಳುವ ಯೋಗ ಯಾರಿಗೂ ಬಾರದಿರಲಿ.

"ಸೋರಿಕೆನಾ?" ಎಂದರು ಇಂಜಿನಿಯರು.

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಕತ್ತು ಆಡಿತು.

"ದೊಡ್ಡದಾ?"

ಆಡಿತು.

"ಮೇನ್ ಪೈಪಾ?"

ಮಾಸ್ತರ ಹೆಂಡತಿ "ಅಯ್ಯೋ ದೇವ್ರೇ" ಎಂದರು. ಆ ಕೂಗಿಗೆ ಬೆಚ್ಚಿ ಕತ್ತು ಎರಡು ಸಲ ಆಡಿತು.

ಇಪ್ಪತ್ತಾರು ವರ್ಷದ ಹೆಸರು ಹೀಗೆ ಅರ್ಧ ನಿಮಿಷದಲ್ಲಿ ಹೋಯಿತು. ಇಂಜಿನಿಯರು ತಕ್ಷಣ ಇಡೀ ಬೀದಿಯ ವಾಲ್ವನ್ನು ಮುಚ್ಚಿಸಿದರು. ಎಲ್ಲರೂ ಸೂರಿನತ್ತ ಕಿವಿಗೊಟ್ಟರು. ಹೂಂಕಾರ ನಿಂತಿತು.

"ನೋಡಿದ್ರಾ?" ಎಂದರು ಇಂಜಿನಿಯರು ಗೆಲುವಿನಿಂದ.

ಮೇಲೆ ಹೆಂಡತಿ ರೆಕಾರ್ಡನ್ನು ಮಗುಚಿದಳು. ಹೂಂಕಾರ ಮತ್ತೆ ಶುರುವಾಯಿತು.

"ಆಗಮನ ಹನ್ನೆರಡು ನಲವತ್ತಾರು," ಎಂದರು ಮಾಸ್ತರು, ತುಟಿ ಬಿಳುಪೇರಿಸಿಕೊಂಡು.

ವಾಲ್ವು ಮುಚ್ಚಿದ ಪೈಪಿನಲ್ಲಿ ನೀರು ಹರಿಯುವ ಸದ್ದು! ಇಂಜಿನಿಯರ ಹಣೆಯಲ್ಲಿ ಬೆವರು ಮೂಡಿತು. ನೆಲದಡಿ ಟೊಳ್ಳಾಗಿದೆ, ಕಟ್ಟಡ ಯಾವಾಗ ಬೇಕಾದರೂ ಕೂರಬಹುದು ಎಂದು ಅವರು ಒಬ್ಬರ ಕಿವಿಯಲ್ಲಿ ಹೇಳಿದ್ದು ಸಂಜೆಯೊಳಗೆ ಬೀದಿಯ ಕೊನೆಯ ಮನೆ ತಲುಪಿ, ಅಲ್ಲಿಂದ ಇನ್ನೂ ಆಳವಾಗಿ ತಿರುಗಿ ಬಂತು. ಸೋಮವಾರ ಬೆಳಗ್ಗೆ ಎಂಟಕ್ಕೆ ಯಂತ್ರ ತರಿಸಿ ಇಡೀ ರಸ್ತೆಯನ್ನು ಅಗೆಯುವುದು, ಅಲ್ಲಿಯವರೆಗೆ ನಲ್ಲಿ ಬಂದ್ ಎಂದು ಆದೇಶವಾಯಿತು. ನೀರಿನ ಟ್ಯಾಂಕರು ಬಂತು. ಅದರ ಮುಂದೆ ಕೊಡಗಳ ಸಾಲು ಬೆಳೆಯಿತು. ಮಾಸ್ತರು ಪೆಟ್ಟಿಗೆ ಕಟ್ಟಿಕೊಂಡು ಬಾಗಿಲ ಬಳಿ ಅದರ ಮೇಲೇ ಕುಳಿತರು, ಹೊರಡಬೇಕಾದರೆ ತಡವಾಗಬಾರದಲ್ಲ.

ಕಿವಿಯಣ್ಣ ಆಮೇಲಿನ ದಿನಗಳಲ್ಲಿ ಕಂಬಳಿ ಹೊದ್ದು, ಪ್ಲೇಯರನ್ನೂ ಕಂಬಳಿಯೊಳಗೆ ಎಳೆದುಕೊಂಡು, ದನಿ ತಗ್ಗಿಸಿ ಏಳನೆಯದನ್ನು ಕೇಳಿದ. ನಡುನಡುವೆ ಹೊರಬಂದು ಮಾಸ್ತರ ಮನೆಗೂ ಎದುರು ಮನೆಗೂ ಯಾರೂ ಹೇಳದಿದ್ದರೂ ನೀರು ಹೊತ್ತ. "ಎಂಥ ಒಳ್ಳೆ ಮನುಷ್ಯ ನೀವು! ಯಾವನು ಈ ಪೈಪು ಹಾಕಿದನೋ, ಅವನ ಕೈ ಸೇದಿಹೋಗ!" ಎಂದು ಹೆಂಗಸರು ಹರಸಿದರು. ಆ ಶಾಪ ಸರಿಯಾದ ವಿಳಾಸ ಹುಡುಕಿಕೊಂಡು ಬರಬಹುದೆಂದು ಅವನು ಬೇಗ ಬೇಗ ಹೆಜ್ಜೆ ಹಾಕಿದ, ಕೊಡ ತುಳುಕಿತು.

ಭಾನುವಾರ ಬಂತು. ಮಗಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಂತೆ ಕಿವಿಯಣ್ಣ ಲಕೋಟೆಯನ್ನು ಎದೆಗವಚಿಕೊಂಡು ಹೆಂಡತಿಯೊಡನೆ ಜಡ್ಜರ ಮನೆಗೆ ಹೊರಟ. ಆ ಕೋಣೆಯಲ್ಲಿ ಹಲ್ಲಿನ ಡಾಕ್ಟರು ಉಗುರು ಕಚ್ಚುತ್ತ ನಿಂತಿದ್ದರು. ಮೇಜಿನ ಮೇಲೆ ಎರಡು ಲಕೋಟೆಗಳು ಅಕ್ಕಪಕ್ಕ ಮಲಗಿದವು.

"ಮೊದಲು ಕೇಳೋಣ. ಆಮೇಲೆ ಒಡೆಯೋಣ," ಎಂದು ಜಡ್ಜರು ನಾಲ್ಕು ಹೊಡೆಯುತ್ತಿದ್ದಂತೆ ಏಳನೆಯ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು.

ಕಿವಿಯಣ್ಣನಿಗೆ ಅದರ ಒಂದೊಂದು ಅಲೆಯೂ ಗೊತ್ತಿತ್ತು. ಅಷ್ಟು ಸಲ ಕೇಳಿದ್ದ. ಈಗ ಏರುತ್ತದೆ, ಏರಿತು. ಈಗ ತಗ್ಗುತ್ತದೆ, ತಗ್ಗಿತು. ದೇವರು ಕೈಬಿಡಲಿಲ್ಲ ಎಂದುಕೊಂಡು ಅವನು ಐದು ದಿನದಲ್ಲಿ ಮೊದಲ ಬಾರಿ ಪೂರ್ತಿ ಉಸಿರೆಳೆದ.

ಎಳೆದ ಉಸಿರು ಅಲ್ಲೇ ನಿಂತಿತು.

ನಾದದ ಅಡಿಯಲ್ಲಿ ಇನ್ನೊಂದಿತ್ತು. ಕೂದಲೆಳೆಯಂಥ, ಬಿಡದೆ ಎಳೆಯುವ, ತೆಳ್ಳನೆಯ ಸಿಳ್ಳು. ರೆಕಾರ್ಡಿನಲ್ಲಿ ಇಲ್ಲದ್ದು. ಅವನ ಕಿವಿ ಅವನನ್ನು ಕೇಳದೆಯೇ ಕೆಲಸ ಶುರುಮಾಡಿತು: ಅರ್ಧ ಇಂಚಿನ ಪೈಪು. ಸೂಜಿ ಮೊನೆಯಷ್ಟು ತೂತು. ಕಪಾಟಿನ ಹಿಂದೆ, ನೆಲದಿಂದ ಎರಡಡಿ. ಹಳೆಯದು. ಗೋಡೆ ಒಳಗಿಂದ ತಿಂದುಹೋಗಿದೆ.

ಜಡ್ಜರು ಕಣ್ಣು ಮುಚ್ಚಿದ್ದರು. "ಬಂತು," ಎಂದು ಉಸುರಿದರು. "ಕೇಳಿಸ್ತಾ? ಅಡಿಯಲ್ಲಿ... ಯಾರೋ ದೂರದಲ್ಲಿ ಬೆಳ್ಳಿ ತಂತಿ ಎಳೀತಿರೋ ಹಾಗೆ. ಇದಕ್ಕೇ ಕಣ್ರೀ ನಾನು ಏಳನೇದನ್ನ ಮೆಚ್ಚೋದು. ಲಕೋಟೆಯಲ್ಲಿ ಬರೆದಿರೋದೂ ಇದನ್ನೇ. ಎಷ್ಟೋ ಜನಕ್ಕೆ ಇದು ಕೇಳ್ಸೋದೇ ಇಲ್ಲ. ನಿಮಗೆ ಇದಕ್ಕೇ ತಾನೇ ಪ್ರಾಣ ಅನ್ನಿಸಿದ್ದು?"

ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ಮಗಳ ಮದುವೆ ನಿಶ್ಚಯ, ಲಗ್ನ, ಮೊಮ್ಮಕ್ಕಳು, ಎಲ್ಲ ಆ ಒಂದು ಆಡುವಿಕೆಯ ಆಚೆ ಸಾಲಾಗಿ ನಿಂತಿದ್ದವು. ಹೆಂಡತಿ ಆಡಿಸಿ ಆಡಿಸಿ ಎಂದು ಕಣ್ಣಿನಲ್ಲೇ ಬೇಡುತ್ತಿದ್ದಳು. ಕಿವಿಯಣ್ಣನ ಭಯವೂ ಎಂದಿಗಿಂತ ಹೆಚ್ಚಾಗಿಯೇ ಇತ್ತು. ಆದರೆ ಸೋರಿಕೆಯ ಎದುರು ನಿಂತು ಸೋರಿಕೆಯಲ್ಲವೆನ್ನಲು ಆ ಕತ್ತಿಗೆ ಅಭ್ಯಾಸವಿರಲಿಲ್ಲ. ಅದು ಮೊಟ್ಟಮೊದಲ ಸಲ ಎಡದಿಂದ ಬಲಕ್ಕೆ ಆಡಿತು.

"ಅಂದ್ರೆ?" ಎಂದರು ಜಡ್ಜರು.

"ಅದು... ಅದು ರೆಕಾರ್ಡಲ್ಲಿಲ್ಲ ಸಾರ್. ಗೋಡೆಯಲ್ಲಿದೆ."

ಹಲ್ಲಿನ ಡಾಕ್ಟರು ಉಗುರಿನ ಬದಲು ಬೆರಳನ್ನೇ ಕಚ್ಚಿಕೊಂಡರು.

"ನಾಲ್ಕು ವರ್ಷದಿಂದ ಕೇಳ್ತಿದ್ದೀನಿ ನಾನು ಇದನ್ನ," ಎಂದರು ಜಡ್ಜರು, ಬಹಳ ಮೆಲ್ಲಗೆ. ಆ ಮೆಲುದನಿಗೆ ಮೂವತ್ತು ವರ್ಷ ಆರೋಪಿಗಳು ನಡುಗಿದ್ದರು. "ಏಳನೇದರಲ್ಲಿ ಮಾತ್ರ ಬರುತ್ತೆ. ಬೇರೆ ಯಾವುದರಲ್ಲೂ ಇಲ್ಲ. ಗೋಡೆಯದಾದ್ರೆ ಎಲ್ಲದರಲ್ಲೂ ಬರಬೇಕಲ್ಲ? ಉತ್ತರ ಹೇಳಿ!"

"ಬೇರೆಯವನ್ನ ಯಾವಾಗ ಕೇಳ್ತೀರಿ ಸಾರ್?"

"ಬೆಳಗ್ಗೆ."

"ಇದನ್ನ ನಾಲ್ಕಕ್ಕೆ. ಈ ಭಾಗಕ್ಕೆ ನಾವು ನೀರು ಬಿಡೋದು ನಾಲ್ಕರಿಂದ ಆರು ಸಾರ್."

ಜಡ್ಜರು ಎದ್ದು, ಮುಳ್ಳನ್ನು ಎತ್ತಿದರು. ಮಂಜು ಕರಗಿತು, ರೇವು ಕರಗಿತು. ಬೆಳ್ಳಿಯ ತಂತಿ ಮಾತ್ರ ಎಳೆಯುತ್ತಲೇ ಇತ್ತು.

ಜಡ್ಜರ ಹೆಂಡತಿ ಬಂದು ಕಪಾಟಿನ ಒಂದು ಕೊನೆ ಹಿಡಿದರು. ಮಗ ಇನ್ನೊಂದು ಕೊನೆ ಹಿಡಿದರು. ಕಪಾಟು ಸರಿಯಿತು. ಹಿಂದಿನ ಗೋಡೆ ನೆಲದಿಂದ ಸೊಂಟದವರೆಗೆ ಕಪ್ಪಾಗಿ ಬೊಬ್ಬೆ ಎದ್ದಿತ್ತು. ಆಕೆ ಒಂದು ಬೆರಳು ಒತ್ತಿದರು. ಬೆರಳು ಗೋಡೆಯೊಳಕ್ಕೆ ಹೋಯಿತು.

"ಸಾಕ್ಷ್ಯ," ಎಂದರು.

ಜಡ್ಜರು ಕುರ್ಚಿಯಲ್ಲಿ ಕುಸಿದರು. ಕಿವಿಯಣ್ಣ ಆ ಮುಖ ನೋಡಿ ಇನ್ನೂ ಹೆದರಿದ. ಹೆದರಿಕೆಗೂ ಒಂದು ತಳವಿರುತ್ತದೆ. ಅದನ್ನು ಮುಟ್ಟಿದವನು ಎಲ್ಲವನ್ನೂ ಒಟ್ಟಿಗೆ ಹೇಳಿಬಿಡುತ್ತಾನೆ. "ಸಾರ್, ಆ ಲಕೋಟೆ ಒಡೀಬೇಡಿ. ಅದರಲ್ಲಿರೋದು ನನ್ನದಲ್ಲ. ರೆಕಾರ್ಡಿನ ಹಿಂದಿರೋದನ್ನೇ ಇಳಿಸಿಕೊಂಡಿದ್ದು. ಹಬೆ ಅಂತ ನಾನು ಕೇಳಿದ್ದೇ ಹೋದ ಸೋಮವಾರ, ನಿಮ್ಮ ಬಾಯಿಂದ. ನಂಗೆ ಗೊತ್ತಿರೋದು ಸೋರಿಕೆ ಒಂದೇ. ಮಗಳದ್ದೇನೂ ತಪ್ಪಿಲ್ಲ ಸಾರ್. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು ಅಂತ್ಲೇ ಹೇಳಿ ಕಳಿಸಿದ್ಲು."

ಗೋಡೆ ಸಿಳ್ಳು ಹಾಕುತ್ತಿತ್ತು. ಜಡ್ಜರು ಅದನ್ನೇ ಕೇಳುತ್ತ ಬಹಳ ಹೊತ್ತು ಕುಳಿತಿದ್ದರು.

"ಇಂಥವು ಊರಲ್ಲಿ ಇನ್ನೂ ಇವೆಯೇನ್ರೀ?" ಎಂದರು ಕೊನೆಗೆ.

"ಏನು ಸಾರ್?"

"ಇಂಥ ಸದ್ದು. ನೀವು ಇಪ್ಪತ್ತಾರು ವರ್ಷ ಕೇಳಿದ್ದೀರಲ್ಲ. ನಿಮ್ಮ ಮೆಚ್ಚಿನ ಐದು ಹೇಳಿ. ನಿಮ್ಮವೇ."

ಇಂಥ ಪ್ರಶ್ನೆಯನ್ನು ಕಿವಿಯಣ್ಣನಿಗೆ ಯಾರೂ ಕೇಳಿರಲಿಲ್ಲ. ಅವನ ದನಿ ಮೊದಲು ತಡವರಿಸಿತು. "ಹಳೇ ಅಂಚೆ ಕಚೇರಿ ಹಿಂದೆ ಒಂದಿತ್ತು ಸಾರ್. ನೆಲದೊಳಗೆ ಯಾರೋ ರೇಷ್ಮೆ ಸೀರೆ ಮಡಚ್ತಿರೋ ಹಾಗೆ. ಅಗೀರಿ ಅನ್ನೋಕೆ ಎರಡು ದಿನ ಬಾಯೇ ಬರಲಿಲ್ಲ ನಂಗೆ. ಆಮೇಲೆ ಆಸ್ಪತ್ರೆ ಮೂಲೇಲಿ ಜೋಡಿ ಸೋರಿಕೆ, ರಸ್ತೆ ಆಚೆಗೊಂದು ಈಚೆಗೊಂದು. ಇದು ನಿಂತ್ರೆ ಅದು, ಅದು ನಿಂತ್ರೆ ಇದು. ಗಂಡ ಹೆಂಡತಿ ಥರ. ಬಸ್ ನಿಲ್ದಾಣದ ಕೆಳಗಿನ ಹನ್ನೆರಡಿಂಚಿನದು ಕಿವಿಗೆ ಕೇಳ್ಸೋದೇ ಇಲ್ಲ, ಅಂಗಾಲಿಗೆ ಕೇಳ್ಸುತ್ತೆ. ದೇವಸ್ಥಾನದಲ್ಲಿ ನಿಂತ ಹಾಗಿರುತ್ತೆ ಸಾರ್ ಅಲ್ಲಿ ನಿಂತ್ರೆ. ನಾಲ್ಕನೇದು ನಿಮ್ಮ ಗೋಡೇದು. ಮುಖಸ್ತುತಿಗೆ ಹೇಳ್ತಿಲ್ಲ, ಇಷ್ಟು ತೆಳ್ಳಗಿನದು ನಾನು ಕೇಳೇ ಇಲ್ಲ."

ಜಡ್ಜರು ಪೆನ್ಸಿಲ್ ತೆಗೆದು ಬರೆದುಕೊಳ್ಳುತ್ತಿದ್ದರು. "ಐದನೇದು?"

ಹೆಂಡತಿ ತಲೆ ತಗ್ಗಿಸಿದಳು.

"ಐದನೇದು ನಮ್ಮ ಬೀದೀದು ಸಾರ್. ಅದು ಸೋರಿಕೆನೇ ಅಲ್ಲ. ಏಳನೇ ರೆಕಾರ್ಡು. ನಾನು ಇಂ... ಇಂಜಿನಿಯರಿಗೆ ಮೇನ್ ಪೈಪು ಅಂದುಬಿಟ್ಟೆ. ಬುಧವಾರದಿಂದ ಬೀದಿಗೆ ನೀರಿಲ್ಲ. ನಾಳೆ ಎಂಟಕ್ಕೆ ರಸ್ತೆ ಅಗೀತಾರೆ."

ಪೆನ್ಸಿಲ್ ನಿಂತಿತು. ಜಡ್ಜರ ಮುಖದಲ್ಲಿ ಸಂಗೀತವೆಲ್ಲ ಇಂಗಿ, ನ್ಯಾಯಾಲಯ ಎದ್ದು ಕುಳಿತಿತು.

"ನನಗೆ ಹೇಳಿದ ಸುಳ್ಳು ನನ್ನದು, ಅದನ್ನ ನೀವೇ ಒಪ್ಪಿಕೊಂಡಿದ್ದೀರಿ, ಬಿಟ್ಟೆ. ಆದ್ರೆ ಒಂದು ಬೀದಿಗೆ ಬೀದಿನೇ ನಾಲ್ಕು ದಿನ ಕೊಡ ಹೊರೋ ಹಾಗೆ ಮಾಡಿದ ಸಾಕ್ಷಿ? ಆ ಸುಳ್ಳು ಹೇಳಿದ ಕಡೆಯೇ ನಿಂತು, ಅದೇ ಜನರ ಮುಂದೆ, ಕತ್ತಲ್ಲಿ ಅಲ್ಲ, ಬಾಯಲ್ಲಿ ನಿಜ ಹೇಳಬೇಕು. ಹೇಳಿದ್ರೆ ಮದುವೆ. ಹೇಳದಿದ್ರೆ ಇಲ್ಲ. ಏಳಿ. ನಾನೂ ಬರ್ತೀನಿ."

"ಈಗ್ಲೇನಾ ಸಾರ್?"

"ಮೇಲ್ಮನವಿಗೆ ಅವಕಾಶ ಇಲ್ಲ," ಎಂದರು ಜಡ್ಜರ ಹೆಂಡತಿ, ಸೆರಗು ಸಿಕ್ಕಿಸಿಕೊಂಡು. "ನಡೀರಿ. ನಾನೂ ಬರ್ತೀನಿ."

ಟ್ಯಾಂಕರಿನ ಮುಂದೆ ಇಡೀ ಬೀದಿ ನೆರೆದಿತ್ತು. ಬೆಳಗಿನ ಅಗೆತಕ್ಕೆ ಗುರುತು ಹಾಕಲು ಬಂದಿದ್ದ ಇಂಜಿನಿಯರು ಸುಣ್ಣದ ಡಬ್ಬಿ ಹಿಡಿದು ನಿಂತಿದ್ದರು. ಮಾಸ್ತರು ಬಾಗಿಲಲ್ಲಿ ಪೆಟ್ಟಿಗೆಯ ಮೇಲಿದ್ದರು. ಮಗಳು ಕಿಟಕಿಯಲ್ಲೇ ಇದ್ದಳು. ಇಷ್ಟು ಕೊಡಗಳನ್ನು ಕಿವಿಯಣ್ಣ ಎಂದೂ ಒಟ್ಟಿಗೆ ನೋಡಿರಲಿಲ್ಲ. ಪ್ರತಿಯೊಂದು ಕೊಡದ ಹಿಂದೆ ಅದನ್ನು ಎತ್ತಿ ಎಸೆಯಬಲ್ಲ ಎರಡು ಕೈಗಳಿದ್ದವು.

"ಅದು ಸೋರಿಕೆ ಅಲ್ಲ," ಎಂದ ತನ್ನ ಅಂಗಿಯ ಗುಂಡಿಗೆ.

"ಜೋರಾಗಿ!" ಎಂದರು ಜಡ್ಜರು ಹಿಂದಿನಿಂದ.

"ಸೋರಿಕೆ ಅಲ್ಲ! ಸುಳ್ಳು ಹೇಳ್ದೆ! ನಮ್ಮನೆ ರೆಕಾರ್ಡು ಅದು! ಸಂಗೀತ! ನಮ್ಮೋಳು ಮಗುಚಿ ಮಗುಚಿ ಹಾಕ್ತಿದ್ಲು! ನೆಲ ಟೊಳ್ಳಿಲ್ಲ, ಬಿಲ್ಡಿಂಗ್ ಬೀಳಲ್ಲ, ಪೈಪು ನೆಟ್ಟಗಿದೆ! ತಪ್ಪಾಯ್ತು!"

ಇಂಜಿನಿಯರ ಕೈಯಿಂದ ಸುಣ್ಣದ ಡಬ್ಬಿ ಜಾರಿ, ಅವರ ಎರಡೂ ಬೂಟು ಬೆಳ್ಳಗಾದವು. ಕೊಡಗಳ ಸಾಲಿನಲ್ಲಿ ಒಂದು ಗುಜುಗುಜು ಎದ್ದು, ಅದು ಯಾವ ಕಡೆಗೆ ಹೊರಳುವುದೋ ತಿಳಿಯದೆ ಕಿವಿಯಣ್ಣ ಕಣ್ಣು ಮುಚ್ಚಿ ದೇವರನ್ನು ನೆನೆದ. ಎಲ್ಲರೂ ಮಾಸ್ತರ ಕಡೆ ನೋಡಿದರು. ಮೊದಲ ಫಿರ್ಯಾದಿ ಅವರು.

ಮಾಸ್ತರು ಪೆಟ್ಟಿಗೆಯಿಂದ ನಿಧಾನವಾಗಿ ಎದ್ದರು. "ಅಂದ್ರೆ, ನಮ್ಮ ಸೂರಿಂದ ಆವತ್ತು ಬಂದದ್ದು ಸಂಗೀತನಾ?"

"ಹೌದು ಮಾಸ್ತರೇ."

"ದುಡ್ಡು ಕೊಟ್ಟು ತಗೊಂಡು, ಬೇಕು ಅಂತ ಕೇಳ್ತಾರಾ ಅದನ್ನ?"

"ಕೇಳ್ತಾರೆ."

"ಅಯ್ಯೋ ಮಾರಾಯಾ," ಎಂದರು ಮಾಸ್ತರು ಎದೆಯಾಳದ ಕನಿಕರದಿಂದ. "ನೀರೇ ಆಗಿದ್ರೆ ರಿಪೇರಿ ಆದ್ರೂ ಮಾಡಿಸಬಹುದಿತ್ತಲ್ಲೋ!"

ಒಂದು ಕೊಡ ನಕ್ಕಿತು. ಅದರ ಹಿಂದಿನದು ನಕ್ಕಿತು. ನಗು ಸಾಲಿನುದ್ದಕ್ಕೂ ಹರಿದು, ಸುಣ್ಣ ಮೆತ್ತಿದ ಬೂಟುಗಳನ್ನು ನೋಡಿಕೊಂಡಿದ್ದ ಇಂಜಿನಿಯರನ್ನೂ ಎಳೆದುಕೊಂಡಿತು. ಅವರು ಕಣ್ಣೊರೆಸಿಕೊಳ್ಳುತ್ತ, "ನಾಳೆ ಆಫೀಸಿಗೆ ಬಾ, ನಿನಗಿದೆ," ಎಂದು ವಾಲ್ವು ತೆಗೆಸಲು ಹೊರಟರು.

ನಗದವರು ಒಬ್ಬರೇ. ಜಡ್ಜರ ಮುಖ ಕೆಂಪೇರಿತ್ತು. ಕಿವಿಯಣ್ಣ ಅದನ್ನು ಕಂಡು ಹೆಂಡತಿಯ ಹಿಂದಕ್ಕೆ ಸರಿದ. ಎಲ್ಲ ಸರಿಹೋಗುವ ಹೊತ್ತಿಗೆ ಇದೇನು ಬಂತು! ಜಡ್ಜರು ಬೀದಿಯನ್ನೂ, ಕೊಡಗಳನ್ನೂ, ತಮ್ಮ ವಾಕಿಂಗ್ ಗೆಳೆಯನನ್ನೂ ಒಂದು ಸುತ್ತು ದುರುಗುಟ್ಟಿ ನೋಡಿ, ಬಂದು ಕಿವಿಯಣ್ಣನ ತೋಳು ಹಿಡಿದರು.

"ಬನ್ನಿ ಬೀಗರೇ," ಎಂದರು. "ಇವರಿಗೆಲ್ಲಿ ಕಿವಿ ಇದೆ? ಆರರವರೆಗೆ ನೀರಿರುತ್ತೆ. ನಮ್ಮನೆ ಗೋಡೆ ಕೇಳೋಣ."